ವಾಪಸ್ ಬಾರದ ದುಡ್ಡನ್ನು ಕೇಳುವ ಬಗೆ: ಕಿರುಚಿತ್ರದ ಪಿಚ್‌ನಿಂದ ಲೆಕ್ಕಪತ್ರದವರೆಗೆ

ಕಿರುಚಿತ್ರಕ್ಕೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಅಪರೂಪಕ್ಕೆ ಯಾವುದೋ ಉತ್ಸವದಲ್ಲಿ ಬಹುಮಾನದ ಮೊತ್ತ ಸಿಗಬಹುದು, ಯೂಟ್ಯೂಬಿನಿಂದ ಕಾಫಿ ಖರ್ಚು ಹುಟ್ಟಬಹುದು. ಅದನ್ನು ನಂಬಿಕೊಂಡು ಇನ್ನೊಬ್ಬರ ಹತ್ತಿರ ಕೈಚಾಚುವ ಹಾಗಿಲ್ಲ. ಆದರೂ ಕನ್ನಡದಲ್ಲಿ ಕಿರುಚಿತ್ರಗಳು ತಯಾರಾಗುತ್ತಲೇ ಇವೆ, ಯಾರೋ ದುಡ್ಡು ಕೊಡುತ್ತಲೇ ಇದ್ದಾರೆ. ಕೊಡುವವರಿಗೆ ಲಾಭ ಬೇಕಿಲ್ಲ. ಕೇಳುವವರು ಮಾತ್ರ ಲಾಭದ ಭಾಷೆಯಲ್ಲೇ ಮಾತಾಡುತ್ತಾರೆ: 'ಇದು ವೈರಲ್ ಆಗುತ್ತೆ ಸರ್', 'ಒಟಿಟಿಯವರು ತಗೊಳ್ತಾರೆ'. ಎದುರಿಗೆ ಕೂತವರು ವ್ಯಾಪಾರಸ್ಥರಾಗಿದ್ದರೆ ಇದು ಸುಳ್ಳೆಂದು ಅವರಿಗೆ ಆ ಕ್ಷಣವೇ ಗೊತ್ತಾಗುತ್ತದೆ.

ಆದ್ದರಿಂದ ಈ ಬರಹದ ಉದ್ದಕ್ಕೂ ಒಂದೇ ಹಟ ಇಟ್ಟುಕೊಂಡಿದ್ದೇನೆ. ದುಡ್ಡು ವಾಪಸ್ ಬರುವುದಿಲ್ಲ ಎಂದು ಮೊದಲೇ ಹೇಳಿ, ಯಾವ ಖರ್ಚಿಗೆ ಎಷ್ಟು ಬೇಕೆಂದು ತೋರಿಸಿ, ಆಮೇಲೆ ಕೇಳಿ. ಉಳಿದದ್ದೆಲ್ಲ ಇದನ್ನು ಮಾಡುವ ವಿವರಗಳು. ಉದಾಹರಣೆಗೆಂದು ಇನ್ನೂ ಯಾರೂ ಮಾಡದ ಒಂದು ಚಿತ್ರವನ್ನು ಕಲ್ಪಿಸಿಕೊಂಡಿದ್ದೇನೆ. ಹನ್ನೆರಡು ನಿಮಿಷದ್ದು, ಚನ್ನರಾಯಪಟ್ಟಣದಂಥ ಊರಿನಲ್ಲಿ ನಡೆಯುವಂಥದ್ದು.

ಕಥೆಯನ್ನು ಒಂದು ವಾಕ್ಯಕ್ಕೆ ಇಳಿಸಿ

ಸಿನಿಮಾದವರು ಲಾಗ್‌ಲೈನ್ ಎನ್ನುತ್ತಾರೆ. ನಮ್ಮ ಚಿತ್ರದ ಲಾಗ್‌ಲೈನ್ ಇದು: 'ಆಟೊದಲ್ಲಿ ಮೈಕ್ ಕಟ್ಟಿಕೊಂಡು ಊರಿನವರ ಸಾವಿನ ಸುದ್ದಿ ಸಾರುವವನಿಗೆ, ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಸ್ವಂತ ಅಣ್ಣನ ಸಾವನ್ನೇ ಸಾರಬೇಕಾದ ಬೆಳಗು ಬರುತ್ತದೆ.'

ಇದರಲ್ಲಿ ಯಾರು, ಏನು, ಎಲ್ಲಿ ತೊಡಕು ಎಂಬ ಮೂರೂ ಇವೆ. ದುಡ್ಡು ಕೊಡುವವರ ಕಣ್ಣಿಗೆ ಇನ್ನೊಂದೂ ಕಾಣುತ್ತದೆ: ಒಂದು ಆಟೊ, ಒಂದೆರಡು ಬೀದಿ, ಒಂದು ಬೆಳಗು. ಅಂದರೆ ಇದು ಕೈಗೆಟುಕುವ ಖರ್ಚಿನ ಚಿತ್ರ. ಇದನ್ನೇ 'ಮಾನವೀಯ ಸಂಬಂಧಗಳ ಸೂಕ್ಷ್ಮ ಎಳೆಗಳನ್ನು ಬಿಡಿಸುವ ಪ್ರಯತ್ನ' ಎಂದು ಬರೆದರೆ ಯಾವ ಚಿತ್ರಕ್ಕಾದರೂ ಹೊಂದುತ್ತದೆ, ಯಾವುದಕ್ಕೂ ದುಡ್ಡು ಹುಟ್ಟುವುದಿಲ್ಲ.

ವಾಕ್ಯ ಸರಿಯಾಗಿದೆಯೇ ಎಂದು ನೋಡಲು ಸಿನಿಮಾದ ಗೆಳೆಯರಿಗಿಂತ ಹೊರಗಿನವರು ಒಳ್ಳೆಯವರು. ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿ. 'ಅಯ್ಯೋ, ಆಮೇಲೆ ಅವನು ಹೇಳಿದ್ನಾ?' ಎಂದು ಕೇಳಿದರೆ ವಾಕ್ಯ ಕೆಲಸ ಮಾಡಿತು. 'ಚೆನ್ನಾಗಿದೆ ಕಣೋ' ಎಂದು ಬೇರೆ ವಿಷಯಕ್ಕೆ ಹೋದರೆ ಇನ್ನೊಮ್ಮೆ ಬರೆಯಿರಿ.

ಉದ್ದದ ಬಗ್ಗೆ ಒಂದು ಮಾತು. ಆಸ್ಕರ್ ಅಕಾಡೆಮಿಯ ಪ್ರಕಾರ ಟೈಟಲ್ ಕಾರ್ಡುಗಳೂ ಸೇರಿ 40 ನಿಮಿಷದವರೆಗಿನದು ಕಿರುಚಿತ್ರ. ಹಾಗೆಂದು 38 ನಿಮಿಷದ್ದು ಮಾಡಬೇಡಿ. ಉತ್ಸವದವರು ಐದಾರು ಚಿತ್ರ ಜೋಡಿಸಿ ಒಂದು ಪ್ರದರ್ಶನ ಮಾಡುತ್ತಾರೆ. ಹತ್ತು–ಹದಿನೈದು ನಿಮಿಷದ್ದಕ್ಕೆ ಅಲ್ಲಿ ಸುಲಭವಾಗಿ ಜಾಗ ಸಿಗುತ್ತದೆ. ಉದ್ದ ಹೆಚ್ಚಿದಂತೆ ಶೂಟಿಂಗ್ ದಿನ ಹೆಚ್ಚುತ್ತದೆ, ಒಂದೊಂದು ದಿನಕ್ಕೂ ಊಟ, ಬಾಡಿಗೆ, ಸಂಭಾವನೆ ಎಲ್ಲವೂ ಹೆಚ್ಚುತ್ತವೆ.

ಕಥೆ ನಿಮ್ಮದಲ್ಲದಿದ್ದರೆ ಇಲ್ಲೇ ನಿಂತು ಹಕ್ಕನ್ನು ವಿಚಾರಿಸಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಅವರ ಬರಹದ ಹಕ್ಕು ವಾರಸುದಾರರದ್ದು ಅಥವಾ ಅದನ್ನು ಬರೆಸಿಕೊಂಡವರದ್ದು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕಥೆಯನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. 1986ರಲ್ಲಿ ತೀರಿಕೊಂಡ ಮಾಸ್ತಿಯವರ ಕಥೆಗೆ 2046 ಮುಗಿಯುವವರೆಗೆ ಅನುಮತಿ ಬೇಕು. 'ಕೃಪೆ: ಮಾಸ್ತಿ' ಎಂದು ಕೊನೆಗೆ ಹಾಕಿದರೆ ಅನುಮತಿ ಪಡೆದ ಹಾಗಾಗುವುದಿಲ್ಲ.

ಪಿಚ್ ಡೆಕ್‌ಗಿಂತ ಮೊದಲು ಒಂದು ಪುಟ

ಈಚೆಗೆ ಎಲ್ಲರೂ ಮೊದಲು ಕೂರುವುದು ಪಿಚ್ ಡೆಕ್ ಮಾಡಲು, ಅಂದರೆ ಚಿತ್ರವನ್ನು ಪರಿಚಯಿಸಿ ದುಡ್ಡು ಕೇಳುವ ಸ್ಲೈಡುಗಳನ್ನು ಜೋಡಿಸಲು. ಇಪ್ಪತ್ತು ಸ್ಲೈಡು, ಇರಾನಿನ ಸಿನಿಮಾದ ಸ್ಟಿಲ್ಲುಗಳು, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ. ಪರಿಚಯವಿಲ್ಲದ ನಿರ್ಮಾಪಕರಿಗೋ ಸಂಸ್ಥೆಗೋ ಕಳಿಸುವುದಿದ್ದರೆ ಅದು ಬೇಕಾದೀತು, ಆಗಲೂ ಎಂಟು ಪುಟ ಸಾಕು. ಆದರೆ ಕಿರುಚಿತ್ರಕ್ಕೆ ದುಡ್ಡು ಕೊಡುವ ಹೆಚ್ಚಿನವರು ಅದನ್ನು ವಾಟ್ಸಾಪಿನಲ್ಲಿ, ಮೊಬೈಲಿನ ಪುಟ್ಟ ಪರದೆಯಲ್ಲಿ, ಅಂಗಡಿಯ ಗಲ್ಲಾದ ಹಿಂದೆ ಕೂತು ನೋಡುವವರು. ಅವರಿಗೆ ಬೇಕಾದದ್ದು ಒಂದೇ ಪುಟ, ಕನ್ನಡದಲ್ಲಿ.

ಆ ಪುಟದಲ್ಲಿ ಮೇಲೆ ಹೆಸರು, ಲಾಗ್‌ಲೈನ್. ಕೆಳಗೆ ಎಂಟು ಹತ್ತು ಸಾಲಿನ ಕಥೆ, ಕೊನೆಯನ್ನೂ ಸೇರಿಸಿ. ಕೊನೆಯನ್ನು ಮುಚ್ಚಿಟ್ಟು 'ತೆರೆಯ ಮೇಲೆ ನೋಡಿ' ಎನ್ನುವುದು ಪೋಸ್ಟರಿಗೆ ಚೆಂದ. ದುಡ್ಡು ಕೇಳುವಾಗ ಕೊನೆ ನಿಮಗೇ ಗೊತ್ತಿಲ್ಲವೇನೋ ಎನ್ನಿಸುತ್ತದೆ. ಆಮೇಲೆ ಈ ಕಥೆ ನಿಮಗೇ ಯಾಕೆ ಎನ್ನುವ ಮೂರು ಸಾಲು. 'ನಮ್ಮ ಊರಲ್ಲಿ ಈಗಲೂ ಹೀಗೇ ಸಾವಿನ ಸುದ್ದಿ ಸಾರುತ್ತಾರೆ. ಆ ದನಿ ಕೇಳಿಸಿದ ಕೂಡಲೇ ಅಮ್ಮ ಕುಕ್ಕರ್ ಆರಿಸಿ ಬಾಗಿಲಿಗೆ ಬರುತ್ತಾರೆ' ಎಂಬಂಥ ಸಾಲು 'ನಾನು ಚಿಕ್ಕಂದಿನಿಂದ ಸಿನಿಮಾ ಪ್ರೇಮಿ' ಎಂಬುದಕ್ಕಿಂತ ಹತ್ತು ಪಟ್ಟು ಕೆಲಸ ಮಾಡುತ್ತದೆ. ನಂತರ ತಂಡ: ಛಾಯಾಗ್ರಾಹಕರು, ಸಂಕಲನಕಾರರು, ಮುಖ್ಯ ನಟರು, ಅವರು ಈ ಹಿಂದೆ ಮಾಡಿದ ಕೆಲಸದ ಒಂದೊಂದು ಕೊಂಡಿ. ಕೊನೆಗೆ ಒಟ್ಟು ಬಜೆಟ್, ಈಗಾಗಲೇ ಕೂಡಿಸಿದ ಮೊತ್ತ, ಇನ್ನೂ ಬೇಕಾದದ್ದು, ಶೂಟಿಂಗ್ ತಿಂಗಳು.

ಹಿಂದೆ ಏನೂ ಮಾಡಿಲ್ಲದವರಿಗೆ ಒಂದು ದಾರಿಯಿದೆ. ಇದೇ ಕಥೆಯ ಒಂದು ದೃಶ್ಯವನ್ನು ಮೊಬೈಲಿನಲ್ಲೇ ತೆಗೆದು ಒಂದು ನಿಮಿಷಕ್ಕೆ ಕತ್ತರಿಸಿ. ಆಟೊದೊಳಗೆ ಮೈಕ್ ಹಿಡಿದ ಮನುಷ್ಯ, ಚೀಟಿಯಲ್ಲಿ ಬರೆದ ಹೆಸರು ಓದಲು ಬಾಯಿ ತೆರೆಯುತ್ತಾನೆ, ದನಿ ಬರುವುದಿಲ್ಲ, ಅಷ್ಟೇ. ಚಿತ್ರ ಮಸುಕಾಗಿದ್ದರೂ ನಡೆದೀತು, ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಬೇಕು. ಈ ಒಂದು ನಿಮಿಷ ಯಾವ ಸ್ಲೈಡಿಗಿಂತಲೂ ಮೇಲು.

ಬಜೆಟ್ ಎಂಬ ನಿಜವಾದ ಪಿಚ್

ನನ್ನ ಪ್ರಕಾರ ಕಿರುಚಿತ್ರದ ಪಿಚ್‌ನಲ್ಲಿ ಅತಿ ಹೆಚ್ಚು ನಂಬಿಕೆ ಹುಟ್ಟಿಸುವ ಕಾಗದ ಬಜೆಟ್ಟೇ. 'ಒಂದೆರಡು ಲಕ್ಷ ಆಗಬಹುದು ಸರ್' ಎನ್ನುವವರಿಗೂ '2,11,200 ರೂಪಾಯಿ, ವಿವರ ಇಲ್ಲಿದೆ' ಎನ್ನುವವರಿಗೂ ಸಿಗುವ ಉತ್ತರ ಬೇರೆ ಬೇರೆ.

ಆ ಅಂಕಿ ಹೇಗೆ ಬಂತೆಂದು ನೋಡೋಣ. ದರಗಳು ಊರಿಂದೂರಿಗೆ, ಜನರಿಂದ ಜನರಿಗೆ ಬದಲಾಗುತ್ತವೆ. ನೀವು ಫೋನ್ ಮಾಡಿ ಕೇಳಿದ ಅಂಕಿಯನ್ನೇ ಬರೆಯಿರಿ. ನಮ್ಮ ಆಟೊ ಚಿತ್ರಕ್ಕೆ ಮೂರು ದಿನದ ಶೂಟಿಂಗ್, ಹದಿನಾಲ್ಕು ಜನ ಎಂದಿಟ್ಟುಕೊಳ್ಳಿ. ಛಾಯಾಗ್ರಾಹಕರಿಗೂ ಅವರ ಸಹಾಯಕರಿಗೂ 24,000. ಕ್ಯಾಮೆರಾ, ಲೆನ್ಸು, ಲೈಟಿನ ಬಾಡಿಗೆ 27,000. ಸ್ಥಳದಲ್ಲೇ ಧ್ವನಿ ಹಿಡಿಯುವ ಸಿಂಕ್ ಸೌಂಡ್‌ನವರಿಗೆ ಅವರ ಸಲಕರಣೆಯೂ ಸೇರಿ 18,000. ಕಲಾವಿದರಿಗೆ 15,000. ಊಟ ತಿಂಡಿ ಒಬ್ಬರಿಗೆ ದಿನಕ್ಕೆ 300ರಂತೆ 12,600. ಓಡಾಟ ಮತ್ತು ತಂಗುವ ಖರ್ಚು 14,000. ಆಟೊ ಬಾಡಿಗೆ, ಮೈಕ್ ಸೆಟ್, ಬಟ್ಟೆ, ದೃಶ್ಯಕ್ಕೆ ಬೇಕಾದ ಸಣ್ಣಪುಟ್ಟ ಸಾಮಾನು 8,400. ಇಲ್ಲಿಗೆ 1,19,000.

ಹೊಸಬರ ಬಜೆಟ್ ಸಾಮಾನ್ಯವಾಗಿ ಇಲ್ಲಿಗೆ ಮುಗಿದುಹೋಗುತ್ತದೆ. ಕುಂಬಳಕಾಯಿ ಒಡೆದು ಎಲ್ಲರೂ ಮನೆಗೆ ಹೋದಮೇಲೆ ಚಿತ್ರ ಹಾರ್ಡ್‌ಡಿಸ್ಕಿನಲ್ಲೇ ಕೂತು ಧೂಳು ತಿನ್ನುವುದಕ್ಕೆ ಇದೇ ಕಾರಣ. ಸಂಕಲನ 12,000, ಬಣ್ಣ ತಿದ್ದುವ ಡಿಐ 8,000, ಸೌಂಡ್ ಡಿಸೈನ್ ಮತ್ತು ಮಿಕ್ಸಿಂಗ್ 15,000, ಸಂಗೀತ 8,000, ಒಟ್ಟು 43,000. ಒಂದೇ ಫೂಟೇಜನ್ನು ಎರಡು ಕಡೆ ಇಡಲು ಎರಡು ಡಿಸ್ಕ್, 10,000. ಇಂಗ್ಲಿಷ್ ಸಬ್‌ಟೈಟಲ್ ಮತ್ತು ಪೋಸ್ಟರಿಗೆ 5,000. ಉತ್ಸವಗಳ ಪ್ರವೇಶ ಶುಲ್ಕಕ್ಕೆ 15,000. ಈಗ 1,92,000 ಆಯಿತು. ಮಳೆ ಬಂತು, ನಟರಿಗೆ ಜ್ವರ ಬಂತು, ಆಟೊ ಕೆಟ್ಟಿತು ಎನ್ನುವುದಕ್ಕೆಂದು ನೂರಕ್ಕೆ ಹತ್ತು, ಅಂದರೆ 19,200 ಸೇರಿಸಿದರೆ 2,11,200.

ಕಡಿಮೆ ಮಾಡಲೇಬೇಕಾದರೆ ಎಲ್ಲಿ ಕತ್ತರಿ ಹಾಕಬೇಕು? ನಾನಾದರೆ ಕ್ಯಾಮೆರಾ ಬಾಡಿಗೆಯಲ್ಲಿ ಹಾಕುತ್ತೇನೆ. ಸಿನಿಮಾ ಕ್ಯಾಮೆರಾದ ಬದಲು ಒಳ್ಳೆಯ ಮಿರರ್‌ಲೆಸ್ ಕ್ಯಾಮೆರಾ ಇಟ್ಟರೆ ನೋಡುವವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಸೌಂಡನ್ನೂ ಊಟವನ್ನೂ ಮುಟ್ಟುವುದಿಲ್ಲ. ಧ್ವನಿ ಕೆಟ್ಟ ಚಿತ್ರವನ್ನು ಉತ್ಸವದ ಆಯ್ಕೆಗಾರರು ಎರಡನೇ ನಿಮಿಷಕ್ಕೆ ಮುಚ್ಚುತ್ತಾರೆ. ಊಟ ಕೆಟ್ಟರೆ ಪುಕ್ಕಟೆ ದುಡಿಯಲು ಬಂದ ತಂಡ ಎರಡನೇ ದಿನಕ್ಕೆ ಮುಖ ಗಂಟು ಹಾಕಿಕೊಳ್ಳುತ್ತದೆ.

ಬರವಣಿಗೆಯಲ್ಲೇ ಉಳಿಯುವ ದುಡ್ಡೂ ಇದೆ. ಆಟೊದಲ್ಲಿ ಪ್ರಕಟಣೆಗಳ ನಡುವೆ ಹಳೆಯ ಚಿತ್ರಗೀತೆ ಕೇಳಿಸುತ್ತದೆ ಎಂದು ಸ್ಕ್ರಿಪ್ಟಿನಲ್ಲಿ ಬರೆದಿರಾ? ಆ ಹಾಡಿನ ಹಕ್ಕು ಒಂದು ಆಡಿಯೊ ಕಂಪನಿಯದ್ದು. ಅನುಮತಿಯ ಬೆಲೆ ಇಡೀ ಬಜೆಟ್ಟನ್ನೇ ನುಂಗಬಹುದು. ಜನಪದ ಗೀತೆಯಾದರೆ ಹಾಡು ಎಲ್ಲರದ್ದು, ಆದರೆ ಕ್ಯಾಸೆಟ್ಟಿನ ಆ ಧ್ವನಿಮುದ್ರಣ ಎಲ್ಲರದ್ದಲ್ಲ, ನೀವೇ ಯಾರಿಂದಾದರೂ ಹಾಡಿಸಿಕೊಳ್ಳಬೇಕು. ಇನ್ನು ಬೀದಿಯಲ್ಲಿ ನಿಜವಾಗಿಯೂ ಮೈಕ್ ಹಚ್ಚುವುದಾದರೆ 2000ದ ಶಬ್ದಮಾಲಿನ್ಯ ನಿಯಮಗಳಂತೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಚ್ಚುವಂತೆಯೇ ಇಲ್ಲ. ನಮ್ಮ ಕಥೆ ನಡೆಯುವುದೇ ನಸುಕಿನಲ್ಲಿ. ಉಪಾಯ ಸರಳ: ಮೈಕ್ ಆಫ್ ಇಟ್ಟು ಚಿತ್ರೀಕರಿಸಿ, ಲೌಡ್‌ಸ್ಪೀಕರಿನ ದನಿಯನ್ನು ಮಿಕ್ಸಿಂಗ್‌ನಲ್ಲಿ ಕೂಡಿಸುವುದು. ಸತ್ತವರ ಹೆಸರನ್ನು ನಿಜವಾಗಿ ಕೂಗಿ ಊರಿನವರನ್ನು ಗಾಬರಿಪಡಿಸುವುದೂ ತಪ್ಪುತ್ತದೆ. ಇಂಥದ್ದನ್ನೆಲ್ಲ ಮೊದಲೇ ಯೋಚಿಸಿದ್ದೀರಿ ಎಂದು ಬಜೆಟ್ ನೋಡಿದವರಿಗೆ ಗೊತ್ತಾಗಬೇಕು.

ಯಾರನ್ನು ಕೇಳುವುದು

ಮೊದಲು ದುಡ್ಡಿಲ್ಲದೆ ಸಿಗುವುದನ್ನು ಪಟ್ಟಿ ಮಾಡಿ. ಊರಿನಲ್ಲಿ ಸೋದರತ್ತೆಯ ಮನೆ ಖಾಲಿ ಇದ್ದರೆ ತಂಗುವ ಖರ್ಚು 8,000 ಉಳಿಯಿತು. ಪರಿಚಯದ ಆಟೊದವರು ಮೂರು ದಿನ ಗಾಡಿ ಬಿಟ್ಟುಕೊಟ್ಟರೆ 3,000. ಊಟವನ್ನು ಯಾರಾದರೂ ವಹಿಸಿಕೊಂಡರೆ 12,600. ಇಷ್ಟಕ್ಕೇ 23,600 ಆಯಿತು. ನಿಮ್ಮ ಕೈಯಿಂದ ಮತ್ತು ಮೂಲ ತಂಡದಿಂದ 60,000 ಹಾಕುತ್ತೀರಿ ಎಂದಾದರೆ ಹೊರಗೆ ಎತ್ತಬೇಕಾದದ್ದು 1,27,600. ಸ್ವಂತದ್ದು ಏನೂ ಹಾಕದೆ ಕೇಳಲು ಹೋಗಬೇಡಿ. 'ನೀನೆಷ್ಟು ಹಾಕ್ತಿದೀಯ?' ಎಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ.

ಈ 1,27,600 ಒಬ್ಬರೇ ಕೊಟ್ಟರೆ ಸಲೀಸು, ಆದರೆ ಚಿತ್ರ ಅರ್ಧ ಅವರದ್ದಾಗುತ್ತದೆ. ಒಬ್ಬರಿಂದ 40,000, ಐವರಿಂದ ತಲಾ 10,000, ಉಳಿದ 37,600 ಸಾವಿರ ಎರಡು ಸಾವಿರದಂತೆ ಇಪ್ಪತ್ತೈದು ಮೂವತ್ತು ಜನರಿಂದ ಎಂದು ಗುರಿ ಇಟ್ಟುಕೊಳ್ಳುವುದು ಲೇಸು. ನಮ್ಮ ಹಳ್ಳಿಗಳ ಮದುವೆಯಲ್ಲಿ ಮುಯ್ಯಿ ಬರೆದುಕೊಳ್ಳಲು ಒಬ್ಬರು ಪುಸ್ತಕ ಹಿಡಿದು ಕೂರುತ್ತಾರಲ್ಲ, ಹಾಗೆಯೇ ಇಲ್ಲೂ ಒಬ್ಬರಿರಲಿ, ನಿರ್ದೇಶಕರಲ್ಲದವರು. ಯಾರು, ಎಷ್ಟು, ಯಾವತ್ತು, ಯಾವ ಖಾತೆಗೆ ಎಂದು ಬರೆದಿಡುವುದೇ ಅವರ ಕೆಲಸ.

ಹೀಗೆ ಹಲವರಿಂದ ದುಡ್ಡು ಕೂಡಿಸುವ ಕ್ರೌಡ್ ಫಂಡಿಂಗ್ ಎಂದರೆ ಕನ್ನಡದವರಿಗೆ ಥಟ್ಟನೆ ನೆನಪಾಗುವುದು 2013ರ 'ಲೂಸಿಯಾ'. ನಿರ್ದೇಶಕ ಪವನ್ ಕುಮಾರ್ 110 ಜನರಿಂದ 27 ದಿನದಲ್ಲಿ 51 ಲಕ್ಷ ಕೂಡಿಸಿದ್ದರು. ಇದನ್ನು ಉದಾಹರಿಸುವವರು ಎರಡು ಸಂಗತಿ ಮರೆಯುತ್ತಾರೆ. ಅದು ಥಿಯೇಟರಿಗೆ ಹೋಗುವ ಪೂರ್ಣಾವಧಿಯ ಚಿತ್ರ, ದುಡ್ಡು ಹಾಕಿದವರಿಗೆ ಆದಾಯದ ಆಸೆ ಇತ್ತು. ಎರಡನೆಯದಾಗಿ 2011ರಲ್ಲೇ ಅವರು 'ಲೈಫು ಇಷ್ಟೇನೆ' ನಿರ್ದೇಶಿಸಿ ಹೆಸರು ಮಾಡಿದ್ದರು, ಅಂತರ್ಜಾಲದಲ್ಲಿ ಅವರ ಬರಹ ಓದುವ ಬಳಗವಿತ್ತು. ಅಪರಿಚಿತರು ಅಪರಿಚಿತರಿಗೆ ದುಡ್ಡು ಕೊಡುವುದು ಬಹಳ ಅಪರೂಪ. ಆದ್ದರಿಂದ ವೆಬ್‌ಸೈಟಿನಲ್ಲಿ ಒಂದು ಪುಟ ತೆರೆದು ಕೂತರೆ ದುಡ್ಡು ಹರಿದುಬರುವುದಿಲ್ಲ. ಬರುವುದರ ಬಹುಪಾಲು ನಿಮ್ಮ ಫೋನಿನಲ್ಲಿ ಹೆಸರಿರುವವರಿಂದಲೇ. ಹಾಗಿರುವಾಗ ವೇದಿಕೆಗೆ ಕಮಿಷನ್ ಕೊಡುವ ಬದಲು ಒಂದು ಪ್ರತ್ಯೇಕ ಬ್ಯಾಂಕ್ ಖಾತೆ, ಒಂದು ಯುಪಿಐ ಸಂಕೇತ ಇಷ್ಟರಲ್ಲೇ ಕೆಲಸ ಸಾಗುತ್ತದೆ. ಅಮೆರಿಕದ ಕಿಕ್‌ಸ್ಟಾರ್ಟರ್ ಅಂತೂ ಭಾರತದಲ್ಲಿರುವವರಿಗೆ ಅಭಿಯಾನ ತೆರೆಯಲು ಬಿಡುವುದೇ ಇಲ್ಲ.

ವಿದೇಶದಲ್ಲಿರುವ ಕನ್ನಡಿಗರನ್ನು ಕೇಳುವಾಗ ಪಾಸ್‌ಪೋರ್ಟಿನ ಬಣ್ಣ ಕೇಳಿಕೊಳ್ಳಿ. ತಮಾಷೆಯಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದನ್ನು ವಿದೇಶಿ ದೇಣಿಗೆ ಎಂದು ಎಣಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು, ಕೈಯಲ್ಲಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯ ಕಾಯ್ದೆಯ ಕಣ್ಣಿನಲ್ಲಿ ವಿದೇಶಿಯರೇ. ಅವರಿಂದಲೋ ಅಲ್ಲಿನ ಕನ್ನಡ ಕೂಟದಿಂದಲೋ ಪಡೆಯುವ ಮೊದಲು ಆಡಿಟರನ್ನು ಕಾಣಿ.

ಸಂಸ್ಥೆಗಳ ವಿಷಯದಲ್ಲಿ ಹೆಚ್ಚು ಆಸೆ ಹುಟ್ಟಿಸಲಾರೆ. ಬೆಂಗಳೂರಿನಲ್ಲೇ ಇರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಶುರುವಾದದ್ದು, ಕಲೆಯ ಪ್ರಯೋಗಕ್ಕೂ ಸಂಶೋಧನೆಗೂ ಅನುದಾನ ಕೊಡುತ್ತದೆ, ಕನ್ನಡದಲ್ಲೂ ಅರ್ಜಿ ಬರೆಯಬಹುದು. ಆದರೆ 'ನನ್ನದೊಂದು ಒಳ್ಳೆಯ ಕಥೆ ಇದೆ' ಎಂದರೆ ಅಲ್ಲಿ ಸಾಲದು. ಸಾವನ್ನು ಸಾರುವ ದನಿಗಳ ಬಗ್ಗೆ ಊರೂರು ಸುತ್ತಿ ಮಾಡುವ ಸಾಕ್ಷ್ಯಚಿತ್ರವಾದರೆ ಮಾತು ಬೇರೆ. ಕಂಪನಿಗಳು ಸಾಮಾಜಿಕ ಹೊಣೆಗೆಂದು ತೆಗೆದಿಡುವ ಸಿಎಸ್‌ಆರ್ ಹಣವನ್ನು ವ್ಯಕ್ತಿಗಳ ಕೈಗೆ ಕೊಡುವಂತಿಲ್ಲ, ನೋಂದಾಯಿತ ಸಂಸ್ಥೆಯ ಮೂಲಕವೇ ಬರಬೇಕು. ಗೋವಾದಲ್ಲಿ 2007ರಿಂದ ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮ (ಎನ್‌ಎಫ್‌ಡಿಸಿ) ನಡೆಸುತ್ತಿರುವ ಫಿಲ್ಮ್ ಬಜಾರ್ (2025ರಿಂದ 'ವೇವ್ಸ್ ಫಿಲ್ಮ್ ಬಜಾರ್') ಮುಖ್ಯವಾಗಿ ದೊಡ್ಡ ಚಿತ್ರಗಳ ಸಂತೆ. ಅಲ್ಲಿ ನಿಮ್ಮ ಮುಗಿದ ಕಿರುಚಿತ್ರ ಪರಿಚಯ ಪತ್ರದ ಹಾಗೆ ಉಪಯೋಗಕ್ಕೆ ಬಂದೀತು.

ಚಿತ್ರಶಾಲೆಯೇ ನಿರ್ಮಾಪಕನಾಗುವ ದಾರಿಯೂ ಒಂದಿದೆ. 2024ರಲ್ಲಿ ಕಾನ್ ಉತ್ಸವದ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ' ಪುಣೆಯ ಚಿತ್ರಶಾಲೆ ಎಫ್‌ಟಿಐಐಯಲ್ಲಿ ವಿದ್ಯಾರ್ಥಿ ಚಿತ್ರವಾಗಿ ಆದದ್ದು. ಅವರು ವೈದ್ಯಕೀಯ ಓದಿ ಅಲ್ಲಿಗೆ ಹೋದವರು. ಹುಂಜ ಕದ್ದ ಮುದುಕಿಯ ಜನಪದ ಕಥೆಯನ್ನು ನಾಲ್ಕು ದಿನದಲ್ಲಿ ಚಿತ್ರೀಕರಿಸಿದರು. ಲಾ ಸಿನೆಫ್‌ಗೆ ಚಿತ್ರಶಾಲೆಯ ಚಿತ್ರಗಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ ಎಂಬುದು ಗೊತ್ತಿರಲಿ, ಸುಮ್ಮನೆ ಆಸೆಪಡಬೇಡಿ.

ಕೇಳುವ ಮಾತು

ವಾಟ್ಸಾಪ್ ಗುಂಪಿಗೆ ಎಲ್ಲರಿಗೂ ಒಂದೇ ಸಂದೇಶ ಹಾಕಿದರೆ ಎಲ್ಲರೂ ಕೈಮುಗಿಯುವ ಎಮೋಜಿ ಹಾಕುತ್ತಾರೆ. ಒಬ್ಬೊಬ್ಬರನ್ನೇ ಕೇಳಬೇಕು, ಸಾಧ್ಯವಾದರೆ ಎದುರಿಗೆ. ಹಾರ್ಡ್‌ವೇರ್ ಅಂಗಡಿಯವರನ್ನು ಕೇಳುವುದಾದರೆ ಹೀಗೆ:

'ಅಣ್ಣಾ, ಹನ್ನೆರಡು ನಿಮಿಷದ ಒಂದು ಸಣ್ಣ ಸಿನಿಮಾ ಮಾಡ್ತಿದೀವಿ. ಆಟೊದಲ್ಲಿ ಸಾವಿನ ಸುದ್ದಿ ಸಾರೋನಿಗೆ ಅವನ ಅಣ್ಣಂದೇ ಸುದ್ದಿ ಸಾರೋ ಪರಿಸ್ಥಿತಿ ಬರೋ ಕಥೆ. ಇದರಲ್ಲಿ ಲಾಭ ಇಲ್ಲ, ದುಡ್ಡು ವಾಪಸ್ ಕೊಡಕ್ಕೂ ಆಗಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಮೂರು ದಿನ ಹದಿನಾಲ್ಕು ಜನರ ಊಟಕ್ಕೆ ಹನ್ನೆರಡು ಸಾವಿರದ ಆರ್ನೂರು ಆಗುತ್ತೆ. ಅದನ್ನ ನೀವು ವಹಿಸ್ಕೊಳಕ್ಕಾಗುತ್ತಾ? ಟೈಟಲ್ಲಲ್ಲಿ ಹೆಸರು ಹಾಕ್ತೀವಿ, ಊರಲ್ಲೇ ಮೊದಲ ಪ್ರದರ್ಶನ ಮಾಡ್ತೀವಿ.'

ಇಷ್ಟು ಹೇಳಿ ಸುಮ್ಮನಾಗಿ. ಆ ಮೌನದಲ್ಲಿ ಸಂಕೋಚವಾಗಿ 'ಆಗಲಿಲ್ಲ ಅಂದ್ರೂ ಪರವಾಗಿಲ್ಲ ಅಣ್ಣಾ' ಎಂದು ನೀವೇ ಬಾಗಿಲು ಮುಚ್ಚುವುದು ಎಲ್ಲರೂ ಮಾಡುವ ಕೆಲಸ. ಅವರು ಯೋಚಿಸಲಿ. 'ಊಟ ಪೂರ್ತಿ ಆಗಲ್ಲ, ಒಂದು ದಿನದ್ದು ನೋಡ್ತೀನಿ' ಎಂದರೆ 4,200. ಸಂತೋಷದಿಂದ ಒಪ್ಪಿಕೊಳ್ಳಿ.

ಇನ್ನೊಂದು ಮಾತೂ ಖಂಡಿತ ಬರುತ್ತದೆ: 'ನಮ್ಮ ಹುಡುಗ ಚೆನ್ನಾಗಿ ಆಕ್ಟಿಂಗ್ ಮಾಡ್ತಾನೆ, ಒಂದು ಪಾತ್ರ ಕೊಡಿ.' ಬೇಡ ಎನ್ನಲೂ ಬೇಡಿ, ಹೂಂ ಎನ್ನಲೂ ಬೇಡಿ. ಆಡಿಷನ್ ಇಂಥ ದಿನ ಇದೆ, ಎಲ್ಲರ ಜೊತೆ ಬರಲಿ ಎಂದು ಹೇಳಿ, ಆಡಿಷನ್ ನಿಜವಾಗಿಯೂ ಮಾಡಿ. ಮುಖ್ಯಪಾತ್ರಕ್ಕೆ ಹವ್ಯಾಸಿ ರಂಗತಂಡದವರನ್ನು, ನೀನಾಸಂನಲ್ಲೋ ರಂಗಾಯಣದಲ್ಲೋ ಪಳಗಿದವರನ್ನು ಹುಡುಕುವುದು ಒಳ್ಳೆಯದು. ಸಣ್ಣ ತಂಡದ ಕಷ್ಟ ಅವರಿಗೆ ಹೊಸದಲ್ಲ. ಹುಡುಗನಿಗೆ ನೆರೆದ ಜನರ ನಡುವೆ ಜಾಗ ಇದ್ದೇ ಇರುತ್ತದೆ.

ಹೆಸರು ಹಾಕುವುದಕ್ಕೂ ಒಂದು ಅಳತೆ ಇರಲಿ. ಐದು ಸಾವಿರಕ್ಕೆ 'ನಿರ್ಮಾಪಕರು' ಎಂದು ಹಾಕಿದರೆ ಹದಿನೈದು ಜನ ನಿರ್ಮಾಪಕರಾಗುತ್ತಾರೆ, ನಾಳೆ ಉತ್ಸವದ ಅರ್ಜಿಯಲ್ಲಿ ಯಾರ ಸಹಿ ಎಂಬ ಜಗಳ ಶುರುವಾಗುತ್ತದೆ. ನಿರ್ಮಾಪಕರೆಂದರೆ ಚಿತ್ರದ ಹಕ್ಕು ಯಾರ ಹೆಸರಿನಲ್ಲಿದೆಯೋ ಅವರು, ಒಬ್ಬರೋ ಇಬ್ಬರೋ. 40,000 ಕೊಟ್ಟವರು ಸಹ ನಿರ್ಮಾಪಕರು. ಉಳಿದವರಿಗೆ 'ಕೃತಜ್ಞತೆಗಳು', ಎಲ್ಲ ಹೆಸರೂ ಒಂದೇ ಗಾತ್ರದಲ್ಲಿ, ಅಕಾರಾದಿಯಲ್ಲಿ.

ಕಾಗದದ ಮೇಲೆ

ಗೆಳೆಯರ ನಡುವೆ ಕರಾರು ಯಾಕೆ ಎನ್ನಬೇಡಿ. ಸಂಗೀತ ಮಾಡಿದ ಗೆಳೆಯ 'ಫ್ರೀಯಾಗಿ ಮಾಡ್ಕೊಡ್ತೀನಿ ಬಿಡು' ಎಂದದ್ದು ಕಾನೂನಿನಲ್ಲಿ ಹಕ್ಕು ವರ್ಗಾವಣೆ ಆಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯಂತೆ ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ತಿಳಿಯುತ್ತಾರೆ. ಚಿತ್ರ ಹೊರದೇಶದ ಉತ್ಸವಕ್ಕೆ ಹೋಗಬೇಕೆಂದಿದ್ದರೆ 'ಪ್ರಪಂಚದಾದ್ಯಂತ, ಹಕ್ಕಿನ ಪೂರ್ಣ ಅವಧಿಗೆ' ಎಂಬ ಮಾತು ಬೇಕೇ ಬೇಕು. ಕಥೆ ಬರೆದವರು, ಸಂಗೀತ ಮಾಡಿದವರು, ನಟರು ಒಬ್ಬೊಬ್ಬರಿಂದಲೂ ಒಂದೊಂದು ಪುಟಕ್ಕೆ ಸಹಿ ಹಾಕಿಸಿ, ಶೂಟಿಂಗಿನ ಮೊದಲೇ. ಪೋಸ್ಟರ್ ಬಿಡುಗಡೆಯಾದ ಮೇಲೆ ಕೇಳಿದರೆ ಎಲ್ಲರಿಗೂ ಹೊಸ ಯೋಚನೆಗಳು ಬಂದಿರುತ್ತವೆ.

ದುಡ್ಡು ಕೊಟ್ಟವರಿಗೂ ಒಂದು ಪತ್ರ ಕೊಡಿ. ಇದು ಸಾಲವಲ್ಲ, ಹೂಡಿಕೆಯಲ್ಲ, ವಾಪಸ್ ಬರುವುದಿಲ್ಲ, ಬದಲಿಗೆ ಇಂತಿಂಥದ್ದು ಮಾಡುತ್ತೇವೆ ಎಂದಿಷ್ಟು. ಬಾಯಿಮಾತಿಗೂ 'ಬಡ್ಡಿ ಸೇರಿಸಿ ಕೊಡ್ತೀವಿ' ಎನ್ನಬೇಡಿ. ಸಾರ್ವಜನಿಕರಿಂದ ಹಾಗೆ ಹಣ ಎತ್ತುವುದನ್ನು ತಡೆಯಲು 2019ರಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ. ತೆರಿಗೆಯ ವಿಷಯವೂ ಇದೆ. ನೆಂಟರಲ್ಲದವರಿಂದ ಒಂದು ಹಣಕಾಸು ವರ್ಷದಲ್ಲಿ ಉಡುಗೊರೆಯಾಗಿ ಬಂದದ್ದು ಒಟ್ಟು 50,000 ದಾಟಿದರೆ ದಾಟಿದಷ್ಟೇ ಅಲ್ಲ, ಪೂರ್ತಿ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತದೆ. ಇದನ್ನು ಉಡುಗೊರೆ ಎಂದು ತೋರಿಸುವುದೋ ಕೆಲಸದ ವರಮಾನ ಎಂದು ತೋರಿಸಿ ಖರ್ಚು ಕಳೆಯುವುದೋ ಎಂದು ಆಡಿಟರ್ ಹೇಳುತ್ತಾರೆ. ಎರಡರಲ್ಲೂ ಬಿಲ್ಲುಗಳು ಬೇಕು. ಟೀ ಅಂಗಡಿಯವರು ಬಿಲ್ ಕೊಡುವುದಿಲ್ಲ ನಿಜ. ವೋಚರ್ ಪುಸ್ತಕ ಇಟ್ಟುಕೊಂಡು ಸಹಿ ಹಾಕಿಸಿಕೊಳ್ಳಿ.

ಬೀದಿಯಲ್ಲಿ ಶೂಟಿಂಗ್‌ಗೆ ಪುರಸಭೆಗೂ ಪೊಲೀಸ್ ಠಾಣೆಗೂ ಅರ್ಜಿ ಕೊಟ್ಟು ಒಪ್ಪಿಗೆಯ ಪ್ರತಿ ಜೇಬಿನಲ್ಲಿಟ್ಟುಕೊಳ್ಳಿ. ಯಾರಾದರೂ ಬಂದು ಪ್ರಶ್ನಿಸಿದಾಗ ಮೂರು ಗಂಟೆ ನಿಂತುಹೋಗುವ ಕೆಲಸ ಮೂರು ನಿಮಿಷದಲ್ಲಿ ಮುಗಿಯುತ್ತದೆ.

ಚಿತ್ರ ಮುಗಿದ ಮೇಲೆ

ಕೂಡಲೇ ಯೂಟ್ಯೂಬಿಗೆ ಹಾಕುವ ಆಸೆ ತಡೆದುಕೊಳ್ಳಿ. ಆನ್‌ಲೈನಿನಲ್ಲಿ ಬಂದದ್ದನ್ನು ಎಷ್ಟೋ ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ದುಡ್ಡು ಕೊಟ್ಟವರಿಗೆ ಪಾಸ್‌ವರ್ಡ್ ಇರುವ ಕೊಂಡಿ ಕಳಿಸಿ, ಹಂಚಬಾರದೆಂದು ತಿಳಿಸಿ. ಬೆಂಗಳೂರು ಅಂತಾರಾಷ್ಟ್ರೀಯ ಕಿರುಚಿತ್ರೋತ್ಸವ 2010ರಿಂದ ನಡೆಯುತ್ತಿದೆ, ಅದು ಆಸ್ಕರ್ ಅರ್ಹತೆ ಕೊಡುವ ಉತ್ಸವಗಳಲ್ಲೊಂದು. ತಿರುವನಂತಪುರದಲ್ಲಿ ಕೇರಳ ಚಲಚ್ಚಿತ್ರ ಅಕಾಡೆಮಿ ನಡೆಸುವ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ, ಎರಡು ವರ್ಷಕ್ಕೊಮ್ಮೆ ಬರುವ ಮುಂಬೈ ಉತ್ಸವ ಇವೂ ಪಟ್ಟಿಯಲ್ಲಿರಲಿ. ಉತ್ಸವಗಳಿಗೆ ಚಿತ್ರ ಕಳಿಸುವ ಫಿಲ್ಮ್‌ಫ್ರೀವೇಯಂಥ ತಾಣದಲ್ಲಿ ಒಂದೇ ಉತ್ಸವಕ್ಕೆ ಬೇಗ ಕಳಿಸಿದರೆ ಒಂದು ಶುಲ್ಕ, ಕೊನೆ ಗಳಿಗೆಗೆ ಇನ್ನೊಂದು. ತಿಂಗಳಿಗೊಮ್ಮೆ ಪ್ರಶಸ್ತಿ ಹಂಚುವ, ಎಲ್ಲೂ ಪರದೆಯ ಮೇಲೆ ತೋರಿಸದ 'ಉತ್ಸವ'ಗಳಿಗೆ ಬಜೆಟ್ಟಿನ ಆ 15,000ದಲ್ಲಿ ಒಂದು ರೂಪಾಯಿಯೂ ಹೋಗಬಾರದು. ಆಯ್ಕೆಯ ಗುರುತಾಗಿ ಅವು ಕೊಡುವ ಎಲೆಯ ಚಿಹ್ನೆಗಳಿಂದ ಪೋಸ್ಟರ್ ತುಂಬಿದರೂ ಅವುಗಳ ಬೆಲೆ ಬಲ್ಲವರಿಗೆ ಗೊತ್ತು.

ಊರಿನ ಪ್ರದರ್ಶನಕ್ಕೆ ಸಮುದಾಯ ಭವನ, ಒಂದು ಪ್ರೊಜೆಕ್ಟರ್, ಒಳ್ಳೆಯ ಸ್ಪೀಕರ್ ಸಾಕು. ಕೊಟ್ಟವರನ್ನೂ ಅವರ ಮನೆಯವರನ್ನೂ ಕರೆಯಿರಿ. ಟಿಕೆಟ್ ಇಟ್ಟು ಥಿಯೇಟರಿನಲ್ಲಿ ಸಾರ್ವಜನಿಕವಾಗಿ ತೋರಿಸುವುದಾದರೆ ಸೆನ್ಸಾರ್ ಸರ್ಟಿಫಿಕೇಟ್ ಬೇಕಾಗುತ್ತದೆ, ಅದರ ಖರ್ಚು ಈ ಬಜೆಟ್ಟಿನಲ್ಲಿಲ್ಲ. ಪ್ರದರ್ಶನದ ವಾರದಲ್ಲೇ ಎಲ್ಲರಿಗೂ ಲೆಕ್ಕ ಕಳಿಸಿ: ಎಷ್ಟು ಬಂತು, ಯಾವುದಕ್ಕೆ ಎಷ್ಟು ಹೋಯಿತು, ಬಜೆಟ್ಟಿಗೂ ಖರ್ಚಿಗೂ ಎಲ್ಲಿ ವ್ಯತ್ಯಾಸವಾಯಿತು. ಮಳೆ ಜ್ವರಕ್ಕೆಂದು ಎತ್ತಿಟ್ಟ 19,200ರಲ್ಲಿ ಏನಾದರೂ ಉಳಿದಿದ್ದರೆ ಅದನ್ನು ಉತ್ಸವದ ಶುಲ್ಕಕ್ಕೆ ಸೇರಿಸುತ್ತೀರೋ, ಸಂಭಾವನೆ ಕಡಿಮೆ ಮಾಡಿಕೊಂಡವರಿಗೆ ಹಂಚುತ್ತೀರೋ ಎಂದು ಅದೇ ಕಾಗದದಲ್ಲಿ ಬರೆಯಿರಿ.